ಕಾರ್ಮಿಕ ಸಂಘಗಳ ಸದಸ್ಯರನ್ನು ದೇಶದಿಂದ ದೇಶಕ್ಕೆ ಹೋಲಿಸೋದು ಹೇಗೆ? ಭಾರತದ ಅಂಕಿ ಎಲ್ಲೂ ಹೊಂದುತ್ತಿಲ್ಲ

ಶಿವಗಂಗೋತ್ರಿ_ಸಮಾಜಶಾಸ್ತ್ರ (ಪ್ರಶ್ನೆ)

ಎಂ.ಎ. ಕಿರುಪ್ರಬಂಧದ ವಿಷಯ ಕಾರ್ಮಿಕ ಸಂಘಗಳ ಸದಸ್ಯತ್ವ, ಆರು ದೇಶಗಳ ಹೋಲಿಕೆ. ಕೊನೆಯ ಅಧ್ಯಾಯ ದಾವಣಗೆರೆಯದು: ಎಪಿಎಂಸಿ ಹಮಾಲರು, ಮಂಡಕ್ಕಿ ಭಟ್ಟಿಯವರು, ಕಟ್ಟಡ ಕಾರ್ಮಿಕರು. ಹತ್ತಿ ಗಿರಣಿಗಳಿದ್ದ ಊರು, ಸಿಪಿಐನ ಪಂಪಾಪತಿಯವರನ್ನು ಮೂರು ಸಲ ವಿಧಾನಸಭೆಗೆ ಕಳಿಸಿದ ಊರು ಅನ್ನೋ ಕಾರಣಕ್ಕೆ ಈ ಅಧ್ಯಾಯ.

ಈಗಿರೋ ಪಟ್ಟಿ (ದುಡಿಯುವವರಲ್ಲಿ ಸಂಘದ ಸದಸ್ಯರ ಪಾಲು): ಸ್ವೀಡನ್ ಶೇ 70ರ ಹತ್ತಿರ. ಫ್ರಾನ್ಸ್ ಶೇ 10. ಅಮೆರಿಕ ಶೇ 9.9 (2024). ಬ್ರೆಜಿಲ್ ಶೇ 8.4 (2023). ದಕ್ಷಿಣ ಕೊರಿಯಾ ಶೇ 13.1 (2022). ಭಾರತಕ್ಕೆ ಶೇಕಡಾ ಸಿಗದೆ 2.49 ಕೋಟಿ (2002) ಅಂತ ಬರೆದಿದೀನಿ.

ತೊಡಕು ಮೂರು. ಒಂದು, ಕೇಂದ್ರ ಕಾರ್ಮಿಕ ಸಂಘಟನೆಗಳ ಪರಿಶೀಲಿತ ಸದಸ್ಯತ್ವ 1989ರಲ್ಲಿ 1.23 ಕೋಟಿ, 2002ರಲ್ಲಿ 2.49 ಕೋಟಿ. ಆದ್ರೆ ಲೇಬರ್ ಬ್ಯೂರೋದ (ಕಾರ್ಮಿಕರ ಅಂಕಿಅಂಶ ಕೂಡಿಸೋ ಕೇಂದ್ರ ಸರ್ಕಾರದ ಕಚೇರಿ) 2008ರ ಅಂಕಿಯಲ್ಲಿ ಸುಮಾರು 96 ಲಕ್ಷ ಅಂತಿದೆ. ಆರೇ ವರ್ಷದಲ್ಲಿ ಒಂದೂವರೆ ಕೋಟಿ ಜನ ಎಲ್ಲಿಗೆ ಹೋದ್ರು? ಎರಡು, ಭಾರತದ ಶೇಕಡಾವನ್ನು ಯಾವುದರಿಂದ ಭಾಗಿಸಬೇಕು? ಮೂರು, "ಬೆಳವಣಿಗೆ" ಅಂತ ಒಂದು ಕಾಲಂ ಬೇಕೇ ಬೇಕು ಅಂತ ಮಾರ್ಗದರ್ಶಕರು ಅಂದಿದಾರೆ, ಅದನ್ನು ಹೇಗೆ ಲೆಕ್ಕ ಹಾಕೋದು?

ಏಳುಸುತ್ತು_ದುರ್ಗ

ಆ ಒಂದೂವರೆ ಕೋಟಿ ಜನ ಎಲ್ಲೂ ಹೋಗಿಲ್ಲ. ನೀವು ಎರಡು ಬೇರೆ ಬೇರೆ ಖಾತೆಯ ಮೊತ್ತವನ್ನು ಒಂದರ ಕೆಳಗೊಂದು ಬರೆದಿದೀರಿ, ಅಷ್ಟೆ.

2.49 ಕೋಟಿ ಬಂದದ್ದು ಪರಿಶೀಲನೆಯಿಂದ. ಬಿಎಂಎಸ್, ಐಎನ್‌ಟಿಯುಸಿ, ಎಐಟಿಯುಸಿ, ಎಚ್‌ಎಂಎಸ್, ಸಿಐಟಿಯು ಮುಂತಾದ ಕೇಂದ್ರ ಸಂಘಟನೆಗಳು "ನಮ್ಮಲ್ಲಿ ಇಷ್ಟು ಮಂದಿ" ಅಂತ ಹಕ್ಕು ಮಂಡಿಸುತ್ತವೆ. ಕೇಂದ್ರದ ಮುಖ್ಯ ಕಾರ್ಮಿಕ ಆಯುಕ್ತರ ಕಚೇರಿ ದಾಖಲೆ ನೋಡಿ ಒಂದಷ್ಟನ್ನು ಒಪ್ಪುತ್ತೆ. ಲೆಕ್ಕದ ದಿನ 2002ರ ಡಿಸೆಂಬರ್ 31, ಫಲಿತಾಂಶ ಹೊರಬಿದ್ದದ್ದು 2008ರಲ್ಲಿ. ಅದರಲ್ಲಿ ಬಿಎಂಎಸ್ ಸುಮಾರು 62 ಲಕ್ಷ, ಐಎನ್‌ಟಿಯುಸಿ 39 ಲಕ್ಷ ಚಿಲ್ಲರೆ.

96 ಲಕ್ಷದ ದಾರಿಯೇ ಬೇರೆ. 1926ರ ಕಾರ್ಮಿಕ ಸಂಘಗಳ ಕಾಯ್ದೆಯ 28ನೇ ಕಲಮಿನ ಪ್ರಕಾರ ನೋಂದಾಯಿತ ಸಂಘ ಪ್ರತಿ ವರ್ಷ ರಿಜಿಸ್ಟ್ರಾರ್‌ಗೆ ಲೆಕ್ಕಪತ್ರ ಕೊಡಬೇಕಿತ್ತು. ಕೊಟ್ಟವರದನ್ನು ಮಾತ್ರ ಲೇಬರ್ ಬ್ಯೂರೋ ಕೂಡಿಸುತ್ತಿತ್ತು. 2008ರಲ್ಲಿ ನೋಂದಣಿಯಲ್ಲಿದ್ದ ಸಂಘಗಳು 84 ಸಾವಿರಕ್ಕೂ ಹೆಚ್ಚು, ಲೆಕ್ಕ ಕೊಟ್ಟವು 10 ಸಾವಿರದೊಳಗೆ. ಎಂಟೊಂಬತ್ತು ಸಂಘಗಳಲ್ಲಿ ಒಂದು. ಜೊತೆಗೆ ಈ ವರ್ಷ ವರದಿ ಕಳಿಸಿದ ರಾಜ್ಯ ಮುಂದಿನ ವರ್ಷ ಕಳಿಸದೇ ಇರಬಹುದು. ಹಾಗಾಗಿ ಈ ಸರಣಿ ಏರಿದರೂ ಇಳಿದರೂ ಅದು ಚಳವಳಿಯ ಏರಿಳಿತ ಅಲ್ಲ, ಅಂಚೆಗೆ ಹಾಕಿದ ಕಾಗದಗಳ ಏರಿಳಿತ. ಇದರ ಮೇಲೆ ಗ್ರಾಫ್ ಎಳೆದವರನ್ನು ನೋಡಿದಾಗೆಲ್ಲ ಪಾಪ ಅನ್ಸುತ್ತೆ.

ಮೂರನೇ ದಾರಿ ಒಂದಿದೆ, ನಿಮ್ಮ ಕೆಲಸಕ್ಕೆ ಅದೇ ಹೆಚ್ಚು ಹೊಂದೋದು: ಮನೆಮನೆ ಸಮೀಕ್ಷೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 68ನೇ ಸುತ್ತಿನಲ್ಲಿ (2011-12) "ನಿಮ್ಮ ಕೆಲಸದಲ್ಲಿ ಯೂನಿಯನ್ ಅಥವಾ ಸಂಘ ಇದೆಯಾ, ನೀವು ಸದಸ್ಯರಾ" ಅಂತ ಕೇಳಿದ್ದರು. ಅಮೆರಿಕ, ಬ್ರಿಟನ್, ಬ್ರೆಜಿಲ್ ಅಂಕಿಗಳೂ ಮನೆಮನೆ ಸಮೀಕ್ಷೆಯಿಂದಲೇ ಬರೋದು. ಕೊರಿಯಾದ್ದು ಮಾತ್ರ ಸಂಘಗಳು ಸರ್ಕಾರಕ್ಕೆ ಕೊಟ್ಟ ಲೆಕ್ಕ. ಸಮೀಕ್ಷೆಯ ಪಕ್ಕ ಸಮೀಕ್ಷೆ ಇಡಿ, ಕಡತದ ಪಕ್ಕ ಕಡತ ಇಡಿ. ಬೆರೆಸಲೇಬೇಕಾದರೆ ಅದಕ್ಕೊಂದು ಕಾಲಂ ಇರಲಿ: "ಎಣಿಸಿದವರು ಯಾರು".

ಇನ್ನು ಛೇದದ ಮಾತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸಾಂದ್ರತೆ ಅನ್ನೋದು ಇದನ್ನು: ಕೂಲಿ ಅಥವಾ ಸಂಬಳಕ್ಕೆ ದುಡಿಯುವವರಲ್ಲಿ ಸಂಘದ ಸದಸ್ಯರ ಶೇಕಡಾ. ಸ್ವಂತ ಉದ್ಯೋಗದವರು ಅಂಶದಲ್ಲೂ ಇಲ್ಲ, ಛೇದದಲ್ಲೂ ಇಲ್ಲ. ಸ್ವೀಡನ್‌ಗೆ ಇದು ದೊಡ್ಡ ವಿಷಯ ಅಲ್ಲ, ಅಲ್ಲಿ ಬಹುಪಾಲು ಎಲ್ಲರೂ ಸಂಬಳದವರೇ. ನಮ್ಮಲ್ಲಿ ಎಲ್ಲವೂ ಇದರ ಮೇಲೇ ನಿಂತಿದೆ. 2023-24ರ ಪಿಎಲ್‌ಎಫ್‌ಎಸ್ (ಸರ್ಕಾರದ ಉದ್ಯೋಗ ಸಮೀಕ್ಷೆ) ಪ್ರಕಾರ ದುಡಿಯುವವರಲ್ಲಿ ಸ್ವಂತ ಉದ್ಯೋಗದವರು ಶೇ 58.4, ಕಾಯಂ ಸಂಬಳದವರು ಶೇ 21.7, ದಿನಗೂಲಿಯವರು ಶೇ 19.8.

ಒಂದು ಕಲ್ಪಿತ ಲೆಕ್ಕ ಹಾಕಿ ನೋಡಿ. ನೂರು ಮಂದಿ ದುಡಿಯುವವರು: 58 ಸ್ವಂತ ಉದ್ಯೋಗ, 22 ಸಂಬಳ, 20 ಕೂಲಿ. ಸದಸ್ಯರು 8 ಮಂದಿ. ಎಲ್ಲರಿಂದ ಭಾಗಿಸಿದರೆ ಶೇ 8. ಸಂಬಳ ಮತ್ತು ಕೂಲಿಯ 42 ಮಂದಿಯಿಂದ ಭಾಗಿಸಿದರೆ ಶೇ 19. ಬರೀ ಸಂಬಳದವರಿಂದಾದರೆ ಶೇ 36. ಅದೇ ಎಂಟು ಮಂದಿ! ಆ ಎಂಟರಲ್ಲಿ ಮೂವರು ಬೀದಿ ವ್ಯಾಪಾರಿಗಳಾಗಿದ್ದರೆ ಅವರನ್ನು ಅಂಶದಿಂದಲೂ ತೆಗೀಬೇಕು. ಆಗ 42ರಲ್ಲಿ 5, ಶೇ 12. ಭಾರತದ ಬಗ್ಗೆ ಒಂದೊಂದು ಪುಸ್ತಕದಲ್ಲಿ ಒಂದೊಂದು ಶೇಕಡಾ ಕಾಣೋದು ಇದಕ್ಕೇ.

ಮೂವರನ್ನು ತೆಗೆದರೆ ಸ್ವಂತ ಉದ್ಯೋಗದ ಮಹಿಳೆಯರ ಸಂಘ 'ಸೇವಾ' (SEWA) ಅಂಥ ಸಂಘಟನೆ ಲೆಕ್ಕದಿಂದಲೇ ಮಾಯ ಆಗುತ್ತೆ. 1972ರಲ್ಲಿ ಅಹಮದಾಬಾದಿನಲ್ಲಿ ಇಳಾ ಭಟ್ ಅದನ್ನು ನೋಂದಾಯಿಸಲು ಹೋದಾಗ ಮೊದಲು ಬಂದ ತಕರಾರೇ "ನಿಮಗೆ ಮಾಲೀಕರೇ ಇಲ್ಲವಲ್ಲ" ಅನ್ನೋದು. 2002ರ ಪರಿಶೀಲನೆಯಲ್ಲಿ ಅದು ಕೇಂದ್ರ ಸಂಘಟನೆಗಳ ಪಟ್ಟಿಗೇ ಸೇರಿತು. ಆದ್ದರಿಂದ ಭಾರತಕ್ಕೆ ಎರಡು ಸಾಲು ಕೊಡಿ: ಹೋಲಿಕೆಗೆ ಒಂದು, ಸ್ವಂತ ಉದ್ಯೋಗದವರನ್ನೂ ಸೇರಿಸಿ ಇನ್ನೊಂದು. ಬ್ರೆಜಿಲ್ ಅಂಕಿಗೂ ಅಡಿಟಿಪ್ಪಣಿ ಬೇಕು, ಅದರ ಛೇದ ಎಲ್ಲ ದುಡಿಯುವವರದು.

ಇಟಲಿ ಸೇರಿಸೋ ಯೋಚನೆ ಇದ್ದರೆ ಎಚ್ಚರ. ಅಲ್ಲಿನ ಅತಿ ದೊಡ್ಡ ಒಕ್ಕೂಟ ಸಿಜಿಐಎಲ್‌ನ ಸದಸ್ಯರಲ್ಲಿ ಹೆಚ್ಚುಕಡಿಮೆ ಅರ್ಧ ಪಿಂಚಣಿದಾರರು. ಅವರನ್ನು ತೆಗೆಯದೆ ಭಾಗಿಸಿದರೆ ಇಟಲಿ ಇದ್ದಕ್ಕಿದ್ದಂತೆ ನಾರ್ಡಿಕ್ ದೇಶವಾಗಿಬಿಡುತ್ತೆ.

ಹೊಳೆದಂಡೆ_ಹರಿಹರ

ಏಳುಸುತ್ತು ಸರ್ ಅಂಶ-ಛೇದ ಹೇಳಿದ್ರು, ನಾನು ಬೆಳವಣಿಗೆ ಕಾಲಂ ಬಗ್ಗೆ ಹೇಳ್ತೀನಿ. ಅಲ್ಲೇ ಜನ ಜಾಸ್ತಿ ಜಾರಿ ಬೀಳೋದು.

ಸದಸ್ಯರ ಸಂಖ್ಯೆ ಏರೋದು ಒಂದು, ಸಾಂದ್ರತೆ ಏರೋದು ಇನ್ನೊಂದು. ಎರಡೂ ವಿರುದ್ಧ ದಿಕ್ಕಿಗೆ ಹೋಗಬಹುದು. ಅಮೆರಿಕದ 2020 ನೋಡ್ರಿ: ಕೋವಿಡ್ ವರ್ಷ, ಸದಸ್ಯರು 3.21 ಲಕ್ಷ ಕಡಿಮೆ ಆದ್ರು, ಸಾಂದ್ರತೆ ಮಾತ್ರ ಶೇ 10.3ರಿಂದ 10.8ಕ್ಕೆ ಏರಿತು. ಯಾಕಂದ್ರೆ ಸಂಘ ಇಲ್ಲದ ಕಡೆ ಕೆಲಸ ಕಳಕೊಂಡವರು ಇನ್ನೂ ಜಾಸ್ತಿ, ಛೇದ ಕುಸೀತು. 2022ರಲ್ಲಿ ಉಲ್ಟಾ. ಸದಸ್ಯರು 2.73 ಲಕ್ಷ ಹೆಚ್ಚಿದ್ರು, ಸಾಂದ್ರತೆ 10.3ರಿಂದ 10.1ಕ್ಕೆ ಇಳೀತು, ಏಕೆಂದರೆ ಒಟ್ಟು ಉದ್ಯೋಗ ಅದಕ್ಕಿಂತ ಜೋರಾಗಿ ಬೆಳೆದಿತ್ತು. ಈ ಎರಡು ವರ್ಷಾನ ಪ್ರಬಂಧದಲ್ಲಿ ಪಕ್ಕಪಕ್ಕ ಇಟ್ರೆ ಸಾಕು, ಒಂದು ಪುಟದ ವಿವರಣೆ ಉಳಿಯುತ್ತೆ.

ಎರಡನೇದು ಗಡಿ. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ಕ್ಕೆ. ಅದಕ್ಕೂ ಮುಂಚಿನ ಕಾರ್ಮಿಕ ಇಲಾಖೆ ಅಂಕಿ ಹುಡುಕಿದ್ರೆ ಸಿಗೋದು ಚಿತ್ರದುರ್ಗ ಜಿಲ್ಲೆಯದು. ಹೊನ್ನಾಳಿ, ಚನ್ನಗಿರಿ ಆಗ ಶಿವಮೊಗ್ಗದಲ್ಲಿದ್ವು, ಹರಪನಹಳ್ಳಿ ಬಳ್ಳಾರಿಯಿಂದ ಬಂದು 2018ರಲ್ಲಿ ವಾಪಸ್ ಹೋಯ್ತು. 1990ರ ಚಿತ್ರದುರ್ಗಾನ 2000ದ ದಾವಣಗೆರೆ ಜೊತೆ ಹೋಲಿಸಿದ್ರೆ ಏನಾಗುತ್ತೋ ಜರ್ಮನಿಯಲ್ಲೂ ಅದೇ ಆಗೋದು. ಅಲ್ಲಿನ ಡಿಜಿಬಿ ಒಕ್ಕೂಟದಲ್ಲಿ 1990ರಲ್ಲಿ 79 ಲಕ್ಷ ಸದಸ್ಯರು, 1991ರಲ್ಲಿ 1.18 ಕೋಟಿ. ಒಂದೇ ವರ್ಷಕ್ಕೆ ಶೇ 49 ಬೆಳವಣಿಗೆ ಅಂತ ಬರೆದ್ರೆ ನಗ್ತಾರೆ. ಪೂರ್ವ ಜರ್ಮನಿ ಸೇರಿತ್ತು, ಅಷ್ಟೇ. ಆಮೇಲೆ ಪೂರ್ವದ ಕಾರ್ಖಾನೆಗಳು ಮುಚ್ಚುತ್ತಾ ಹೋದ್ವು, 2023ಕ್ಕೆ ಡಿಜಿಬಿ 57 ಲಕ್ಷದ ಆಸುಪಾಸು. 1991ನ್ನು ಆರಂಭದ ವರ್ಷ ಅಂತ ಇಟ್ಕೊಂಡ್ರೆ ಅರ್ಧಕ್ಕರ್ಧ ಕುಸಿತ, 1990 ಇಟ್ಕೊಂಡ್ರೆ ಶೇ 28 ಕುಸಿತ. ಆರಂಭದ ವರ್ಷ ಆರಿಸೋದೇ ಅರ್ಧ ತೀರ್ಮಾನ. ಬ್ರಿಟನ್‌ಗೆ 1979 ಇಟ್ಟವರೂ ಇದೇ ಮಾಡೋದು: ಅಲ್ಲಿ ಸದಸ್ಯತ್ವ 1.32 ಕೋಟಿಯ ತುದಿ ಮುಟ್ಟಿದ್ದ ವರ್ಷ ಅದು, ಅಲ್ಲಿಂದ ಯಾವ ಕಡೆ ನಡೆದ್ರೂ ಇಳಿಜಾರೇ.

ಮೂರನೇದು ಸತ್ತ ಸಂಘಗಳು. ಕೊರಿಯಾದಲ್ಲಿ 2021ರಲ್ಲಿ ಶೇ 14.2 ಇದ್ದದ್ದು 2022ರಲ್ಲಿ 13.1 ಆಯ್ತು. ಜನ ಸಂಘ ಬಿಟ್ಟು ಓಡಿದ್ದು ಅದರಲ್ಲಿ ಒಂದು ಭಾಗ ಮಾತ್ರ. ಕೆಲಸ ನಿಂತು ಹೆಸರು ಮಾತ್ರ ಉಳಿದಿದ್ದ ಸಂಘಗಳನ್ನು ಸಚಿವಾಲಯ ಪಟ್ಟಿಯಿಂದ ತೆಗೆದದ್ದು ಇನ್ನೊಂದು ಭಾಗ. ನಮ್ಮ ಗಿರಣಿ ಊರಿನವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಗಿರಣಿ ಮುಚ್ಚಿ ಎಷ್ಟೋ ವರ್ಷ ಆದ ಮೇಲೂ ಗ್ರಾಚ್ಯುಟಿ, ಪಿಎಫ್ ಬಾಕಿ ಕೇಸಿಗಾಗಿ ಸಂಘದ ಹೆಸರು ಉಳ್ಕೊಂಡಿರುತ್ತೆ. ಅದರ ಸದಸ್ಯರು ಕಾರ್ಮಿಕರಲ್ಲ, ಕಕ್ಷಿದಾರರು.

ಕೊನೇದು ಚಿಕ್ಕದು, ಆದ್ರೆ ಪರೀಕ್ಷಕರು ಹಿಡಿಯೋದು ಇದನ್ನೇ. ಬ್ರೆಜಿಲ್ 2012ರಲ್ಲಿ ಶೇ 16.1, 2023ರಲ್ಲಿ 8.4. ಇದು 7.7 ಪಾಯಿಂಟ್ ಇಳಿಕೆ, ಅಥವಾ ಶೇ 48 ಇಳಿಕೆ. "ಶೇ 7.7 ಇಳಿಕೆ" ಅಂತ ಬರೆದ್ರೆ ತಪ್ಪು. ಇನ್ನು ನಿಮ್ಮ 1.23ರಿಂದ 2.49 ಕೋಟಿಗೆ ವಾರ್ಷಿಕ ದರ ಬೇಕಂದ್ರೆ 13 ವರ್ಷಕ್ಕೆ ಚಕ್ರಬಡ್ಡಿ ಲೆಕ್ಕದಲ್ಲಿ ಶೇ 5.6 ಬರುತ್ತೆ. ಬರೀರಿ, ಬೇಡ ಅನ್ನಲ್ಲ. ಆದ್ರೆ 1989ರಲ್ಲಿ ಪಟ್ಟಿಯಲ್ಲಿದ್ದ ಸಂಘಟನೆಗಳೇ ಬೇರೆ, 2002ರಲ್ಲಿ ಹೊಸಬರು ಸೇರಿದಾರೆ. ಎರಡೂ ವರ್ಷ ಇದ್ದವರನ್ನು ಮಾತ್ರ ತಗೊಂಡು ಮತ್ತೊಂದು ಸಲ ಲೆಕ್ಕ ಹಾಕ್ರಿ. ಬಿಎಂಎಸ್ ಒಂದನ್ನೇ ತಗೊಂಡ್ರೆ 31 ಲಕ್ಷದಿಂದ 62 ಲಕ್ಷ.

ಶಿವಗಂಗೋತ್ರಿ_ಸಮಾಜಶಾಸ್ತ್ರ

ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಸರ್. ಪಟ್ಟಿ ಒಡೆದು ಮತ್ತೆ ಕಟ್ತಾ ಇದೀನಿ. ಇನ್ನೊಂದು ಕೇಳಬೇಕಿತ್ತು. ಸ್ವೀಡನ್ ಶೇ 70, ಫ್ರಾನ್ಸ್ ಶೇ 10. ಆದ್ರೆ ಮುಷ್ಕರ ಅಂದ ಕೂಡಲೇ ನೆನಪಾಗೋದು ಫ್ರಾನ್ಸೇ. ಹಾಗಾದ್ರೆ ಸದಸ್ಯತ್ವದಿಂದ ಚಳವಳಿಯ ಬಲ ಗೊತ್ತಾಗೋದೇ ಇಲ್ವಾ?

ಏಳುಸುತ್ತು_ದುರ್ಗ

ಅರ್ಧ ಗೊತ್ತಾಗುತ್ತೆ. ಜನ ಯಾಕೆ ಸೇರುತ್ತಾರೆ ಅನ್ನೋದನ್ನು ಮೊದಲು ನೋಡಿ.

ಸ್ವೀಡನ್, ಡೆನ್ಮಾರ್ಕ್, ಫಿನ್‌ಲೆಂಡ್‌ಗಳಲ್ಲಿ ನಿರುದ್ಯೋಗ ವಿಮೆಯ ನಿಧಿಗಳು ಸಂಘಗಳ ಆಶ್ರಯದಲ್ಲಿ ಬೆಳೆದವು. ಬೆಲ್ಜಿಯಂನ ಗೆಂಟ್ ಪಟ್ಟಣದಲ್ಲಿ ಹುಟ್ಟಿದ ಪದ್ಧತಿ, ಅದಕ್ಕೇ ಗೆಂಟ್ ವ್ಯವಸ್ಥೆ ಅಂತಾರೆ. ಕಾನೂನಿನ ಪ್ರಕಾರ ಸಂಘಕ್ಕೆ ಸೇರದೆ ನಿಧಿಗೆ ಮಾತ್ರ ಸೇರಬಹುದು, ಆದರೆ ರೂಢಿಯಲ್ಲಿ ಎರಡೂ ಒಟ್ಟಿಗೇ ಬಂದವು. ಕೆಲಸ ಹೋದಾಗ ಕೈಹಿಡಿಯೋದು ಸಂಘ ಅಂತ ಜನರ ಮನಸ್ಸಿನಲ್ಲಿ ಕೂತಿದೆ. ಪಕ್ಕದ ನಾರ್ವೆ 1938ರಲ್ಲೇ ಇದನ್ನು ಬಿಟ್ಟಿತು. ಇವತ್ತು ನಾರ್ವೆ ಶೇ 50ರ ಹತ್ತಿರ, ಸ್ವೀಡನ್ ಶೇ 70ರ ಹತ್ತಿರ. ನೆಲ ಒಂದೇ, ಹವೆ ಒಂದೇ, ಮಾತೂ ಹೆಚ್ಚುಕಡಿಮೆ ಒಂದೇ, ಇಪ್ಪತ್ತು ಪಾಯಿಂಟ್ ಅಂತರ. ಬೆಲ್ಜಿಯಂ ಶೇ 50ರ ಹತ್ತಿರ, ನೆರೆಯ ನೆದರ್ಲೆಂಡ್ಸ್ ಶೇ 15. ಆರು ದೂರದ ದೇಶ ಹೋಲಿಸೋ ಬದಲು ಇಂಥ ಎರಡು ಜೋಡಿ ತಗೊಂಡರೂ ಪ್ರಬಂಧ ಗಟ್ಟಿಯಾಗುತ್ತೆ.

ಪುರಾವೆ ಬೇಕಾದರೆ 2007 ನೋಡಿ. ಸ್ವೀಡನ್ ಸರ್ಕಾರ ಆ ವರ್ಷ ವಿಮಾ ನಿಧಿಯ ಶುಲ್ಕ ಏರಿಸಿತು, ಸಂಘದ ಚಂದಾಗೆ ಇದ್ದ ತೆರಿಗೆ ರಿಯಾಯಿತಿಯನ್ನೂ ತೆಗೆಯಿತು. 2006ರಲ್ಲಿ ಶೇ 77 ಇದ್ದ ಸಾಂದ್ರತೆ 2008ಕ್ಕೆ ಶೇ 71. 2014ರಲ್ಲಿ ಶುಲ್ಕ ಇಳಿಸಿದರು. ಹೋದವರು ಹಳೇ ಮಟ್ಟಕ್ಕೆ ವಾಪಸ್ ಬರಲಿಲ್ಲ.

ಫ್ರಾನ್ಸ್‌ನಲ್ಲಿ ಸಂಘ ಮಾಡಿಕೊಂಡ ಒಪ್ಪಂದವನ್ನು ಸರ್ಕಾರ ಇಡೀ ಉದ್ಯಮಕ್ಕೆ ವಿಸ್ತರಿಸುತ್ತೆ. ಹಾಗಾಗಿ ಸದಸ್ಯರು ಶೇ 10, ಒಪ್ಪಂದದ ನೆರಳಲ್ಲಿ ಇರುವವರು ಶೇ 98ರ ಹತ್ತಿರ. ಚಂದಾ ಕಟ್ಟಿದರೂ ಕಟ್ಟದಿದ್ದರೂ ಸಿಗೋದು ಅದೇ ಅಂದಮೇಲೆ ಯಾರು ಕಟ್ಟುತ್ತಾರೆ? ಅಮೆರಿಕದಲ್ಲಿ ಇದು ತದ್ವಿರುದ್ಧ: 2024ರಲ್ಲಿ ಸದಸ್ಯರು ಶೇ 9.9, ಸಂಘದ ಒಪ್ಪಂದಕ್ಕೆ ಒಳಪಟ್ಟವರು ಶೇ 11.1. ಎರಡೂ ಅಂಟಿಕೊಂಡೇ ಇವೆ. ಅಲ್ಲೂ ಸರ್ಕಾರಿ ನೌಕರರಲ್ಲಿ ಶೇ 32.2, ಖಾಸಗಿಯಲ್ಲಿ ಶೇ 5.9. ಆದ್ದರಿಂದ ನಿಮ್ಮ ಪಟ್ಟಿಗೆ "ಒಪ್ಪಂದದ ವ್ಯಾಪ್ತಿ" ಅನ್ನೋ ಕಾಲಂ ಸೇರಲೇಬೇಕು. ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಆರ್ಥಿಕ ಸಂಸ್ಥೆ) ಮತ್ತು ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದವರು ಸೇರಿ ಇಟ್ಟಿರುವ ದತ್ತಾಂಶದಲ್ಲಿ ಎರಡೂ ಸಿಗುತ್ತವೆ. ಇಳಿಸಿಕೊಳ್ಳುವಾಗ ಸಮೀಕ್ಷೆಯ ಸಾಂದ್ರತೆ ಯಾವುದು, ಆಡಳಿತ ದಾಖಲೆಯದು ಯಾವುದು ಅಂತ ಸೂಚನಾ ಪುಟ ಓದಿಯೇ ತಗೊಳ್ಳಿ.

ಬ್ರೆಜಿಲ್‌ಗೆ ಒಂದು ಮಾತು. ಅಲ್ಲಿ ವರ್ಷಕ್ಕೆ ಒಂದು ದಿನದ ಕೂಲಿಯನ್ನು ಸಂಘ ತೆರಿಗೆ ಅಂತ ಎಲ್ಲ ಅಧಿಕೃತ ನೌಕರರಿಂದ ಮುರಿದುಕೊಳ್ಳುತ್ತಿದ್ದರು, ಸದಸ್ಯರಾಗಿರಲಿ ಬಿಡಲಿ. 2017ರ ಕಾರ್ಮಿಕ ಸುಧಾರಣೆ ಅದನ್ನು ಐಚ್ಛಿಕ ಮಾಡಿತು. "ತೆರಿಗೆ ಹೋಯಿತು, ಸದಸ್ಯರು ಹೋದರು" ಅಂತ ನೇರ ಗೆರೆ ಎಳೀಬೇಡಿ. ತೆರಿಗೆ ಕಟ್ಟಿದವರೆಲ್ಲ ಸದಸ್ಯರಾಗಿರಲಿಲ್ಲ, ಸಾಂದ್ರತೆಯ ಇಳಿಮುಖವೂ 2017ಕ್ಕೆ ಮುಂಚೆಯೇ ಶುರುವಾಗಿತ್ತು. ಹೋದದ್ದು ಸಂಘಗಳ ಆದಾಯ. ಅದರಿಂದ ಕಚೇರಿ, ವಕೀಲರು, ಓಡಾಟ ಕಡಿಮೆಯಾದವು, ಆಮೇಲೆ ಸದಸ್ಯರಿಗೆ ಉಳಿಯುವ ಕಾರಣ ಇನ್ನಷ್ಟು ಕಡಿಮೆಯಾಯಿತು.

ಸ್ವೀಡನ್ನಿನ ಗೆಂಟ್ ನಮ್ಮಲ್ಲೂ ಇದೆ, ಕಲ್ಯಾಣ ಮಂಡಳಿ ಕೊಡೋ ಕಟ್ಟಡ ಕಾರ್ಮಿಕರ ಕಾರ್ಡಿನ ರೂಪದಲ್ಲಿ. ಕಾರ್ಡಿಗಾಗಿ ಸಂಘ ಸೇರುವವರು ಎಷ್ಟು ಅಂತ ನಿಮ್ಮ ಕೊನೆಯ ಅಧ್ಯಾಯದಲ್ಲಿ ಅಳೀಬಹುದು.

ಎಪಿಎಂಸಿ_ಗೇಟ್

ಕಾರ್ಡನ್ನು ಗೆಂಟ್ ಅನ್ನೋದು ಒಪ್ಪೋಕಾಗಲ್ಲ ಸರ್. ಗೆಂಟ್‌ನಲ್ಲಿ ನಿಧಿ ಸಂಘದವರ ಕೈಲಿ. ಇಲ್ಲಿ ನಿಧಿ ಕಲ್ಯಾಣ ಮಂಡಳಿಯದು, ದುಡ್ಡು ಬರೋದು ಕಟ್ಟಡ ವೆಚ್ಚದ ಮೇಲಿನ ಶೇ 1 ಸೆಸ್ಸಿನಿಂದ. 18ರಿಂದ 60 ವಯಸ್ಸು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಆ 90 ದಿನದ ದೃಢೀಕರಣ ಸಂಘವೇ ಕೊಡಬೇಕು ಅಂತೇನಿಲ್ಲ, ಬೇರೆ ದಾರಿನೂ ಇದಾವೆ. ಸಂಘದ ಪಾತ್ರ ಅರ್ಜಿ ತುಂಬೋದು, ಕಚೇರಿಗೆ ಅಲೆಯೋದು, ನವೀಕರಣ ನೆನಪಿಸೋದು. ಕಾರ್ಡು ಕೈಗೆ ಬಂದಮೇಲೆ ಎರಡನೇ ವರ್ಷದ ಚಂದಾ ಎಷ್ಟು ಜನ ಕಟ್ತಾರೆ? ಅದನ್ನ ಅಳೀಬೇಕು. ಗೆಂಟ್‌ನಲ್ಲಿ ಸದಸ್ಯ ಉಳೀತಾನೆ, ಇಲ್ಲಿ ಸೋರ್ತಾನೆ.

ಕ್ಷೇತ್ರಕಾರ್ಯಕ್ಕೆ ಕೆಲವು ವಿಷಯ ಹೇಳ್ತೀನಿ.

"ಸಂಘದಲ್ಲಿದೀರಾ?" ಅಂತ ಯಾರನ್ನೂ ಕೇಳಬೇಡಿ. ಭಟ್ಟಿಯಲ್ಲಿ ಮಂಡಕ್ಕಿ ಜರಡಿ ಹಿಡಿಯೋ ಹೆಂಗಸರನ್ನ ಕೇಳಿದ್ರೆ ನೂರಕ್ಕೆ ತೊಂಬತ್ತು ಜನ ಹೂಂ ಅಂತಾರೆ. ಅವರ ಬಾಯಲ್ಲಿ ಸಂಘ ಅಂದ್ರೆ ವಾರದ ಕಂತು ಕಟ್ಟೋ ಸ್ವಸಹಾಯ ಸಂಘ. ಸಾಂದ್ರತೆ ಸ್ವೀಡನ್ನನ್ನೂ ಮೀರಿಸುತ್ತೆ! "ಯೂನಿಯನ್" ಅಂತಲೇ ಕೇಳಿ, ಹಮಾಲರೂ ಅದೇ ಪದ ಬಳಸೋದು. ಆಮೇಲೆ ಬೇರೆ ಬೇರೆಯಾಗಿ: ಯಾವ ಯೂನಿಯನ್, ಈ ವರ್ಷ ದುಡ್ಡು ಕಟ್ಟಿ ರಸೀದಿ ತಗೊಂಡಿದೀರಾ, ಇನ್ನೊಂದರಲ್ಲೂ ಹೆಸರಿದೆಯಾ, ಮೊದಲ ಸಲ ಸೇರಿದ್ದು ಯಾತಕ್ಕೆ. ಎರಡನೇ ಪ್ರಶ್ನೆಗೆ ಹೌದು ಅಂದವರನ್ನಷ್ಟೇ ಅಂಶಕ್ಕೆ ಹಾಕಿ. ಎರಡು ಕಡೆ ಇರೋರನ್ನ ಒಂದು ಸಲ ಮಾತ್ರ ಎಣಿಸಿ.

ಸಂಘದವರು ಒಪ್ಪಿದ್ರೆ ಸದಸ್ಯರ ರಿಜಿಸ್ಟರ್ ಜೊತೆ ರಸೀದಿ ಪುಸ್ತಕದ ಕೌಂಟರ್‌ಫಾಯಿಲ್ ನೋಡಿ. ಒಪ್ಪದಿದ್ರೆ ವಾರ್ಷಿಕ ಲೆಕ್ಕಪತ್ರದಲ್ಲೇ ಒಂದು ಪರೀಕ್ಷೆ ಮಾಡಬಹುದು. 2001ರ ತಿದ್ದುಪಡಿಯ ಪ್ರಕಾರ ಕನಿಷ್ಠ ಚಂದಾ ವರ್ಷಕ್ಕೆ ಗ್ರಾಮೀಣ ಕಾರ್ಮಿಕರಿಗೆ 1 ರೂಪಾಯಿ, ಇತರ ಅಸಂಘಟಿತರಿಗೆ 3, ಉಳಿದವರಿಗೆ 12 ಇತ್ತು. ಸಂಘ 1,200 ಸದಸ್ಯರು ಅಂತ ಬರೆದು ಚಂದಾ ಆದಾಯ 4,800 ರೂಪಾಯಿ ತೋರಿಸಿದ್ರೆ, 12ರ ದರದಲ್ಲಿ ಕಟ್ಟಿದವರು 400 ಮಂದಿ. ಉಳಿದ 800 ಹೆಸರು ಹಳೇ ಪುಟದಿಂದ ಹೊಸ ಪುಟಕ್ಕೆ ನಕಲಾದವು. ಮೊದಲು ಅವರ ನಿಯಮಾವಳಿಯಲ್ಲಿ ಚಂದಾ ಎಷ್ಟಿದೆ ನೋಡ್ಕೊಳ್ಳಿ, ಕೆಲವು ಸಂಘದಲ್ಲಿ ಕನಿಷ್ಠಕ್ಕಿಂತ ಜಾಸ್ತಿ ಇರುತ್ತೆ.

ಲೆಕ್ಕಪತ್ರದ ಪ್ರತಿ ಕೇಳೋದು ಮಾಹಿತಿ ಹಕ್ಕಿನಲ್ಲಿ. ಕರ್ನಾಟಕದ ನಿಯಮ: ನಮೂನೆ ಎ, 10 ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಐದು ವಲಯದ ಸಂಘಗಳ ಹತ್ತು ವರ್ಷದ ಲೆಕ್ಕ ಅಂತ ಒಂದೇ ಅರ್ಜಿಯಲ್ಲಿ ಕೇಳಿದ್ರೆ ತಿರಸ್ಕಾರ ಆಗೋದೇ. ಮೊದಲ ಅರ್ಜಿಯಲ್ಲಿ "ಜಿಲ್ಲೆಯಲ್ಲಿ ನೋಂದಾಯಿತ ಸಂಘಗಳ ಪಟ್ಟಿ, ನೋಂದಣಿ ಸಂಖ್ಯೆ ಮತ್ತು ದಿನಾಂಕ ಸಹಿತ" ಅಂತಷ್ಟೇ ಕೇಳಿ. ಪಟ್ಟಿ ಬಂದಮೇಲೆ ನೋಂದಣಿ ಸಂಖ್ಯೆ ಹಾಕಿ ಒಂದೊಂದಕ್ಕೆ ಒಂದೊಂದು ಅರ್ಜಿ. 30 ದಿನದ ಗಡುವು ಎರಡು ಸುತ್ತಿಗೆ ಎರಡು ತಿಂಗಳು ತಿನ್ನುತ್ತೆ, ಇವತ್ತೇ ಹಾಕಿ. 1926ರ ಕಾಯ್ದೆಯ ಜಾಗಕ್ಕೆ ಈಗ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ, ಆದ್ರೆ ಹಿಂದಿನ ವರ್ಷಗಳ ಕಡತ ಹಳೇ ಕಾಯ್ದೆ ಹೆಸರಲ್ಲೇ ಇರುತ್ತೆ. ಅರ್ಜಿಯಲ್ಲಿ 28ನೇ ಕಲಮು ಅಂತಲೇ ಬರೀರಿ.

ಮಾದರಿ ಎಷ್ಟು ಅಂದ್ರೆ, 100 ಜನರನ್ನ ಕೇಳಿ ಶೇ 30 ಬಂದ್ರೆ ಆಚೆ ಈಚೆ 9 ಪಾಯಿಂಟ್ ತಪ್ಪಿರಬಹುದು. ಅಂದ್ರೆ 21ರಿಂದ 39ರ ತನಕ ಏನು ಬೇಕಾದ್ರೂ. 400 ಜನರನ್ನ ಕೇಳಿದ್ರೆ ನಾಲ್ಕೂವರೆ ಪಾಯಿಂಟ್. ಹಮಾಲರನ್ನ ಬೆಳಿಗ್ಗೆ ಮಾತ್ರ ಕೇಳಬೇಡಿ. ಟೆಂಡರ್ ಮುಗಿದ ಮೇಲೆ ಲೋಡಿಂಗಿಗೆ ಬರೋ ಗುಂಪೇ ಬೇರೆ, ಅದರಲ್ಲಿ ಲೈಸೆನ್ಸ್ ಇಲ್ಲದವರು ಜಾಸ್ತಿ, ಯೂನಿಯನ್‌ನವರು ಕಡಿಮೆ. ಒಂದೇ ಹೊತ್ತಿಗೆ ಹೋದ್ರೆ ಸಾಂದ್ರತೆ ಉಬ್ಬುತ್ತೆ.

ಏಳುಸುತ್ತು_ದುರ್ಗ

ಎಪಿಎಂಸಿ_ಗೇಟ್ ಹೇಳಿದ್ದು ಸರಿ, ಗೆಂಟ್ ಅನ್ನೋ ಪದ ವಾಪಸ್ ತಗೋತೀನಿ. ಸೇರೋ ಕಾರಣ ಒಂದೇ ಜಾತಿಯದು, ಉಳಿಸಿಕೊಳ್ಳೋ ಯಂತ್ರ ಬೇರೆ. ಎರಡನೇ ವರ್ಷದ ಚಂದಾ ಅನ್ನೋದು ಒಳ್ಳೇ ಅಳತೆಗೋಲು.

ಹಸಿರು_ಟವೆಲ್

ನಡುವೆ ಬಾಯಿ ಹಾಕ್ತಿದೀನಿ. ಇದೇ ಹೋಲಿಕೇನ ರೈತ ಚಳವಳಿಗೆ ಮಾಡೋಣ ಅಂತ ಯಾರಾದ್ರೂ ಹೊರಟ್ರೆ ಅವರಿಗೊಂದು ಎಚ್ಚರಿಕೆ.

ಲಾ ವಿಯಾ ಕಂಪೆಸಿನಾ ಅನ್ನೋ ಅಂತರರಾಷ್ಟ್ರೀಯ ರೈತ ಒಕ್ಕೂಟ 1993ರಲ್ಲಿ ಬೆಲ್ಜಿಯಂನ ಮಾನ್ಸ್‌ನಲ್ಲಿ ಹುಟ್ಟಿದ್ದು. 81 ದೇಶಗಳ 182 ಸಂಘಟನೆ, ಸುಮಾರು 20 ಕೋಟಿ ರೈತರು ಅಂತ ಅವರೇ ಹೇಳ್ಕೋತಾರೆ. ಕರ್ನಾಟಕ ರಾಜ್ಯ ರೈತ ಸಂಘಾನೂ ಅದರಲ್ಲಿದೆ. ಈ 20 ಕೋಟಿ ಯಾರೂ ಒಬ್ಬೊಬ್ಬರಾಗಿ ಎಣಿಸಿದ್ದಲ್ಲ, ಸಂಘಟನೆಗಳು ಹೇಳಿದ್ದರ ಮೊತ್ತ. ಬ್ರೆಜಿಲಿನ ಭೂಹೀನರ ಚಳವಳಿ ಎಂಎಸ್‌ಟಿ ಲೆಕ್ಕ ಹೇಳೋದು ಕುಟುಂಬಗಳಲ್ಲಿ: ನೆಲೆ ಸಿಕ್ಕ ಕುಟುಂಬ ಸುಮಾರು 4.5 ಲಕ್ಷ. ಕುಟುಂಬವನ್ನ ತಲೆಗೆ ಪರಿವರ್ತಿಸೋಕೆ ನಾಲ್ಕರಿಂದ ಗುಣಿಸ್ತೀರೋ ಐದರಿಂದಲೋ ಅನ್ನೋದರ ಮೇಲೆ 4.5 ಲಕ್ಷ ಜನ ಹೆಚ್ಚುಕಡಿಮೆ ಆಗ್ತಾರೆ.

ನಮ್ಮಲ್ಲಿ 1980ರಲ್ಲಿ ನರಗುಂದ, ನವಲಗುಂದದ ಗೋಲಿಬಾರ್ ಆದ ಮೇಲೆ ಹುಟ್ಟಿದ ರೈತ ಸಂಘ ಮುಂದೆ ಬಣ ಬಣ ಆಯ್ತು. ಎಲ್ಲ ಬಣದವರ ಹೆಗಲ ಮೇಲೂ ಹಸಿರು ಶಾಲೇ. ಶಾಲು ಹೊದ್ದವರನ್ನೆಲ್ಲ ಎಣಿಸಿದ್ರೆ ಅದು ಸದಸ್ಯತ್ವ ಅಲ್ಲ, ಆ ದಿನದ ಸಮಾವೇಶದ ಹಾಜರಿ. ಭದ್ರಾ ನಾಲೆಗೆ ನೀರು ಬಿಡಿಸೋ ಹೋರಾಟಕ್ಕೆ ದಾವಣಗೆರೆ ಕಡೆ ಬರೋ ಜನ ಬೇರೆ, ವರ್ಷವಿಡೀ ಚಂದಾ ಕಟ್ಟೋರು ಬೇರೆ. ಇಂಥ ಚಳವಳಿಗೆ ಸದಸ್ಯರ ಬದಲು ಗ್ರಾಮ ಘಟಕ ಎಣಿಸ್ರಿ: ಎಷ್ಟು ಹಳ್ಳೀಲಿ ಘಟಕದ ಬೋರ್ಡಿದೆ, ಅದರಲ್ಲಿ ಕಳೆದ ವರ್ಷ ಸಭೆ ಸೇರಿದ್ದು ಎಷ್ಟು. ಬೋರ್ಡು ತುಕ್ಕು ಹಿಡಿದು ನಿಂತಿರೋ ಊರು ಬೇಕಾದಷ್ಟಿದಾವೆ.

ಶಿವಗಂಗೋತ್ರಿ_ಸಮಾಜಶಾಸ್ತ್ರ

ಹೊಸ ಪಟ್ಟಿಯ ಕಾಲಂಗಳು: ದೇಶ, ವರ್ಷ, ಎಣಿಸಿದವರು ಯಾರು, ಸದಸ್ಯ ಅಂದ್ರೆ ಯಾರು, ಛೇದ, ಸಾಂದ್ರತೆ, ಒಪ್ಪಂದದ ವ್ಯಾಪ್ತಿ, ಸರಣಿ ಮುರಿದ ವರ್ಷ. ಬೆಳವಣಿಗೆಗೆ ಎರಡು ಕಾಲಂ: ಸದಸ್ಯರ ಸಂಖ್ಯೆಯದ್ದು, ಸಾಂದ್ರತೆಯದ್ದು ಪಾಯಿಂಟ್‌ಗಳಲ್ಲಿ. ಕೊರಿಯಾ ಬಿಟ್ಟು ನಾರ್ವೆ ಸೇರಿಸ್ತಾ ಇದೀನಿ. ಮಾಹಿತಿ ಹಕ್ಕಿನ ಮೊದಲ ಅರ್ಜಿ ನಾಳೆ ಹಾಕ್ತೀನಿ.

ಒಂದೇ ಅನುಮಾನ ಉಳಿದಿದೆ. ಹಮಾಲರಿಗೆ ಚೀಲದ ಲೆಕ್ಕದಲ್ಲಿ ಕೂಲಿ, ಒಂದೇ ದಿನ ನಾಲ್ಕು ಮಂಡಿಯಲ್ಲಿ ಕೆಲಸ. ಅಂಗನವಾಡಿ ಕಾರ್ಯಕರ್ತೆಯರಿಗೆ ಸಂಬಳ ಅನ್ನಲ್ಲ, ಗೌರವಧನ ಅಂತಾರೆ. ಇವರು ಕೂಲಿ-ಸಂಬಳದವರ ಛೇದಕ್ಕೆ ಬರ್ತಾರಾ?

ಎಪಿಎಂಸಿ_ಗೇಟ್

ಅಂಗನವಾಡಿಯವರನ್ನ ಸೇರಿಸಿ. ಹೆಸರು ಏನೇ ಇರಲಿ, ತಿಂಗಳಿಗೊಮ್ಮೆ ನಿಗದಿ ಹಣ, ನಿಗದಿ ಸಮಯ, ಮೇಲೊಬ್ಬರು ಮೇಲ್ವಿಚಾರಕಿ. ಯೂನಿಯನ್ ಗಟ್ಟಿ ಇರೋ ವಲಯ ಅದು, ಬಿಟ್ಟರೆ ದಾವಣಗೆರೆ ಅಂಕಿಯೇ ಸುಳ್ಳಾಗುತ್ತೆ.

ಹಮಾಲರದು ಕಷ್ಟ. ಚೀಲದ ದರ ಯಾರು ನಿಗದಿ ಮಾಡ್ತಾರೆ ಅಂತ ಕೇಳಿ. ದರ ಅವರ ಕೈಲಿಲ್ಲ, ಮಂಡಿಯವರು ಕರೆದಾಗ ಬರಬೇಕು ಅಂದ್ರೆ ಕೂಲಿಯವರ ಸಾಲಿಗೆ ಹಾಕಿ. ತಾವೇ ಗುಂಪು ಕಟ್ಟಿ, ಲಾರಿಗಿಷ್ಟು ಅಂತ ಗುತ್ತಿಗೆ ಮಾತಾಡಿ ಹಂಚ್ಕೊಳ್ಳೋ ಗುಂಪಾದ್ರೆ ಸ್ವಂತ ಉದ್ಯೋಗ. ಒಂದೇ ಯಾರ್ಡಿನಲ್ಲಿ ಎರಡೂ ಥರದವರು ಸಿಗ್ತಾರೆ, ಹಾಗಾಗಿ ಪ್ರಶ್ನಾವಳಿಯಲ್ಲಿ "ದರ ಯಾರು ಹೇಳ್ತಾರೆ" ಅನ್ನೋ ಪ್ರಶ್ನೆ ಯೂನಿಯನ್ ಪ್ರಶ್ನೆಗಿಂತ ಮೊದಲು ಬರಲಿ. ಯೂನಿಯನ್ ಮಾತು ಎತ್ತಿದ ಮೇಲೆ ದರ ಕೇಳಿದ್ರೆ ಎಲ್ಲರೂ "ಯೂನಿಯನ್ ರೇಟು" ಅಂತಲೇ ಹೇಳೋದು.